ಗುಡ್ಡದ ಮೇಲೆ ಊಟ ಎಷ್ಟು ಗಂಟೆಗೆ?

"ಉಪ್ಪು ಯಾರು ಹಾಕಿದ್ರು?" ಸರಸ್ವತಿ ಮಿಸ್ ಕೇಳಿದರು.

"ನಾನು ಮಿಸ್," ಅಂದ ಪುನೀತ್.

"ನಾನೂ ಹಾಕಿದೆ ಮಿಸ್," ಅಂದಳು ದಿವ್ಯಶ್ರೀ. "ಕತ್ತಲಲ್ಲಿ ಅವನು ಹಾಕಿದ್ದು ಕಾಣ್ಲೇ ಇಲ್ಲ."

ರಾಗಿಗುಡ್ಡದ ಮೇಲೆ ಆಗ ಏಳು ಗಂಟೆ ಇಪ್ಪತ್ತು ನಿಮಿಷ. ಕೆಳಗೆ ಶಿವಮೊಗ್ಗದ ದೀಪಗಳೆಲ್ಲ ಹೊತ್ತಿಕೊಂಡಿದ್ದವು. ಮೇಲೆ ಇದ್ದದ್ದು ಒಂದೇ ಟಾರ್ಚು. ಎಲ್ಲೆಲ್ಲಿಂದಲೋ ಬಂದ ರೆಕ್ಕೆ ಹುಳಗಳು ಆ ಬೆಳಕಿಗೆ ಗಿರಗಿರ ಸುತ್ತಿ, ಸುಸ್ತಾಗಿ, ಸೀದಾ ಹುಗ್ಗಿಯ ಪಾತ್ರೆಯೊಳಗೆ ಬೀಳುತ್ತಿದ್ದವು.

ರಕ್ಷಾ ತಟ್ಟೆ ಪಕ್ಕಕ್ಕಿಟ್ಟು ಅಳಲು ಶುರುಮಾಡಿದಳು. "ಬೇಳೆ ಬೆಂದೇ ಇಲ್ಲ. ಉಪ್ಪು ಉಪ್ಪು. ನಂಗೆ ಹಸಿವು."

"ಹುಳ ಇದೆಯಲ್ಲ, ತಿನ್ನು. ಫುಲ್ ಪ್ರೋಟೀನ್ ಕಣೇ," ಅಂದ ಜ್ಞಾನೇಶ್. ಯಾರೂ ನಗಲಿಲ್ಲ. ಆಗ ಅವನು ಅಕ್ಷರಾ ಕಡೆ ತಿರುಗಿದ. "ಟೈಮ್ ಮೇಡಂ, ಆರೂವರೆಗೆ ಒಲೆ ಹಚ್ಚೋಣ ಅಂದಿದ್ದು ತಾವೇ ಅಲ್ವಾ?"

ಅಕ್ಷರಾ ತನ್ನ ತಟ್ಟೆಗೆ ಬಿದ್ದ ಹುಳವನ್ನು ಬೆರಳಲ್ಲಿ ಎತ್ತಿ ಆಚೆ ಹಾಕಿದಳು. ಅಂದಿದ್ದು ಅವಳೇ.

ಶಾಲೆಯ ಟ್ರೆಕ್ಕಿಂಗ್ ಕ್ಲಬ್ಬಿನಲ್ಲಿ ಒಂದೊಂದು ಗುಂಪಿಗೆ ಐದೈದು ಮಕ್ಕಳು, ಗುಂಪಿಗೊಂದು ಬೇರೆ ಟ್ರಿಪ್. ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಪುನೀತ್ ಪಾತ್ರೆ ಮತ್ತು ಪುಟ್ಟ ಗ್ಯಾಸ್ ಒಲೆ ಹೊರಬೇಕು. ದಿವ್ಯಶ್ರೀದು ಅಕ್ಕಿ ಬೇಳೆ. ರಕ್ಷಾಳದು ನೀರು. ಜ್ಞಾನೇಶನದು ಟಾರ್ಚು ಮತ್ತು ಔಷಧಿ ಡಬ್ಬಿ. ಅಕ್ಷರಾಳ ಪಾಲಿಗೆ ಬಂದದ್ದು ಸಂಜೆ ಊಟದ ಹೊತ್ತು. ಎಲ್ಲಿ ನಿಲ್ಲಬೇಕು, ಯಾವಾಗ ಒಲೆ ಹಚ್ಚಬೇಕು, ಯಾವಾಗ ಉಣ್ಣಬೇಕು, ಅದನ್ನೆಲ್ಲ ಅವಳು ಹೇಳಬೇಕು. ಚೀಟಿ ಎತ್ತಿದ ದಿನ ಅವಳು ಕುಣಿದಾಡಿದ್ದಳು. ಹೊರೆ ಇಲ್ಲ, ಭಾರ ಇಲ್ಲ. ಗಡಿಯಾರ ನೋಡಿ ಹೇಳುವುದು ತಾನೆ?

ಈಗ ನೋಡಿದರೆ ಹೀಗೆ.

ಸರಸ್ವತಿ ಮಿಸ್ ಯಾರನ್ನೂ ಬೈಯಲಿಲ್ಲ. ಎಲ್ಲರನ್ನೂ ಗುಡ್ಡ ಇಳಿಸಿ, ಬೇಕರಿಯಲ್ಲಿ ಒಂದೊಂದು ಬೆಣ್ಣೆ ಬನ್ನು ಕೊಡಿಸಿದರು. ಆಮೇಲೆ ತಮ್ಮ ನೀಲಿ ರಟ್ಟಿನ ಪುಸ್ತಕ ತೆಗೆದರು.

"ನೋಡಿ, ಇದು ಪ್ರಾಕ್ಟೀಸು. ಮುಂದಿನ ಶನಿವಾರ ನಿಜವಾದ ಟ್ರಿಪ್. ಭದ್ರಾವತಿ ಆಚೆ ಹೊನ್ನೆಗುಡ್ಡ, ಒಂದು ರಾತ್ರಿ. ಅವತ್ತು ನಿಮ್ಮ ಗುಂಪಲ್ಲಿ ಒಬ್ಬರೂ ಹಸಿದ ಹೊಟ್ಟೇಲಿ ಮಲಗಬಾರದು. ಮಲಗೋ ಮುಂಚೆ ನಾನು ಕೇಳಿ ಬರ್ಕೋತೀನಿ. ಎಲ್ಲ ಸರಿ ಇದ್ರೆ ಡಿಸೆಂಬರ್‌ನಲ್ಲಿ ಮೂರು ದಿನದ ಟ್ರೆಕ್ಕಿಗೆ ಐದೂ ಜನ ಬರ್ತೀರಿ. ಇಲ್ಲಾಂದ್ರೆ ಐದೂ ಜನ ಇಲ್ಲ."

"ಐದೂ ಜನ?" ದಿವ್ಯಶ್ರೀ ಬಾಯಿ ತೆರೆದಳು. ಮೂರು ದಿನದ ಟ್ರೆಕ್ಕಿಗೆ ಅಂತಲೇ ಅವಳು ಹುಟ್ಟುಹಬ್ಬಕ್ಕೆ ಬಟ್ಟೆ ಬೇಡ, ಶೂ ಬೇಕು ಅಂದವಳು.

"ಮಿಸ್, ಟೈಮ್ ಕೆಲಸ ಬೇರೆಯವರಿಗೆ ಕೊಡಿ," ಅಂದ ಜ್ಞಾನೇಶ್. "ನಂಗೆ ಕೊಟ್ರೂ ಆಗುತ್ತೆ."

"ಉಹುಂ. ಅಕ್ಷರಾದೇ," ಅಂದರು ಮಿಸ್. ಅಷ್ಟೇ. ಹೇಗೆ, ಏನು, ಎಷ್ಟು ಗಂಟೆಗೆ, ಒಂದು ಮಾತೂ ಹೇಳಿಕೊಡಲಿಲ್ಲ.

ಮಾರನೇ ದಿನದಿಂದ ಅಕ್ಷರಾ ಸಿಕ್ಕಿದವರನ್ನೆಲ್ಲ ಕೇಳತೊಡಗಿದಳು. ರಫ್ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ 'ರಾತ್ರಿ ಊಟ ಎಷ್ಟು ಗಂಟೆಗೆ ಮಾಡಬೇಕು?' ಅಂತ ಬರೆದು ಕೆಳಗೆ ಗೆರೆ ಎಳೆದಳು.

"ಹತ್ತಕ್ಕೆ," ಅಂದರು ಅಪ್ಪಾಜಿ. ಅವರು ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. "ಅಂಗಡಿ ಶಟರ್ ಎಳೆಯೋದೇ ಒಂಬತ್ತೂವರೆಗೆ. ಅದಕ್ಕಿಂತ ಮುಂಚೆ ಯಾರಮ್ಮ ಉಣ್ತಾರೆ?"

"ಎಂಟೂವರೆ," ಅಂದಳು ಅಮ್ಮ. "ನನ್ನ ಸೀರಿಯಲ್ ಮುಗಿಯತ್ತಲ್ಲ, ಆವಾಗ."

ಪಕ್ಕದ ಮನೆಯ ಜೈನರ ಆಂಟಿ, "ನಾವು ಹೊತ್ತು ಮುಳುಗೋ ಮುಂಚೆ ಮುಗಿಸಿಬಿಡ್ತೀವಿ ಬೇಟಾ, ಆಮೇಲೆ ನೀರು ಮಾತ್ರ," ಅಂದರು. ಶಾಲೆಗೆ ಕರೆದುಕೊಂಡು ಹೋಗುವ ಆಟೋ ಅಣ್ಣ, "ನಂದಾ? ಬಾಡಿಗೆ ಇಲ್ದಾಗ," ಅಂದ.

ಹತ್ತು. ಎಂಟೂವರೆ. ಹೊತ್ತು ಮುಳುಗೋ ಮುಂಚೆ. ಬಾಡಿಗೆ ಇಲ್ದಾಗ. ಅಕ್ಷರಾ ಆ ಹಾಳೆಯನ್ನು ಮೇಲಿಂದ ಕೆಳಗೆ ಓದಿದಳು, ಕೆಳಗಿಂದ ಮೇಲಕ್ಕೂ ಓದಿದಳು. ಮೊದಲು ಗೊತ್ತಿರಲಿಲ್ಲ, ಅಷ್ಟೇ. ಈಗ ತಲೆ ಗಿರ್ ಅನ್ನುತ್ತಿತ್ತು.

ಭಾನುವಾರ ಅಪ್ಪಾಜಿ ಅವಳನ್ನು ಭದ್ರಾವತಿಗೆ, ಅಜ್ಜಿ ಮನೆಗೆ ಕರೆದುಕೊಂಡು ಹೋದರು. ಅಜ್ಜಿ ಕಾಶಮ್ಮ, ಅಜ್ಜ ಶಿವಶಂಕರಪ್ಪ ಇಬ್ಬರೂ ಇದ್ದದ್ದು ನ್ಯೂ ಟೌನಿನಲ್ಲಿ. ಅಜ್ಜ ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಕುಲುಮೆಯ ಮುಂದೆ ನಿಂತು ರಿಟೈರ್ ಆದವರು. ಈಗಲೂ ಬೆಳಿಗ್ಗೆ ಐದಕ್ಕೆ ಎದ್ದು, ಎಲ್ಲಿಗೂ ಹೋಗಲಿಕ್ಕಿಲ್ಲದಿದ್ದರೂ ಶರ್ಟು ಇನ್ ಮಾಡಿಕೊಂಡು ಕೂರುವವರು.

ಅಜ್ಜಿ ಹಿತ್ತಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಅಕ್ಷರಾ ನೋಟ್‌ಬುಕ್ ಹಿಡಿದು ಎದುರಿಗೆ ಕೂತಳು.

"ಅಜ್ಜಿ, ರಾತ್ರಿ ಊಟ ಎಷ್ಟು ಗಂಟೆಗೆ ಮಾಡ್ಬೇಕು?"

ಅಜ್ಜಿ ತಲೆ ಎತ್ತದೆ ಕೇಳಿದಳು, "ಯಾವ ಶಿಫ್ಟು?"

"ಹಾಂ?"

"ಯಾವ ಶಿಫ್ಟಲ್ಲಿ ಅಂತ ಕೇಳ್ತಿದೀನಿ ಕಣೇ. ಎ ಶಿಫ್ಟಾ, ಬಿ ಶಿಫ್ಟಾ, ಸಿ ಶಿಫ್ಟಾ?"

ಅಕ್ಷರಾ ಕಣ್ಣು ಕಣ್ಣು ಬಿಟ್ಟಳು. ಊಟಕ್ಕೂ ಶಿಫ್ಟು ಇರುತ್ತದೆಯೇ?

"ಇರ್ದೆ ಏನು?" ಅಜ್ಜಿಗೆ ಮಾತಿನ ಹುರುಪು ಬಂತು. "ನಿಮ್ಮಜ್ಜ ಬೆಳಿಗ್ಗೆ ಶಿಫ್ಟಿಗೆ ಹೋದ ವಾರ ರಾತ್ರಿ ಎಂಟಕ್ಕೆ ಊಟ. ಬಿ ಶಿಫ್ಟಿನ ವಾರ ಅವ್ರು ಮನೆ ಮುಟ್ಟೋದೇ ಹತ್ತೂವರೆಗೆ. ಬಂದು, ಸ್ನಾನ ಮಾಡಿ, ಲಿಂಗಪೂಜೆ ಮಾಡ್ಕೊಂಡು ತಟ್ಟೆ ಮುಂದೆ ಕೂರೋ ಹೊತ್ತಿಗೆ ಹನ್ನೊಂದೂಕಾಲು. ಸಿ ಶಿಫ್ಟು ಬಂತೋ, ಏಳಕ್ಕೆಲ್ಲ ಊಟ. ಇಡೀ ಸಾಲಿನ ಮನೆಗಳಲ್ಲೂ ಹಂಗೇ ಮಾರಾಯ್ತಿ. ಯಾರ ಮನೇಲಿ ಎಷ್ಟೊತ್ತಿಗೆ ಒಗ್ಗರಣೆ ಘಮ್ ಅಂತು ಅನ್ನೋದ್ರ ಮೇಲೆ ಆ ಮನೆ ಯಜಮಾನ್ರದು ಯಾವ ಶಿಫ್ಟು ಅಂತ ನಾನು ಹೇಳ್ತಿದ್ದೆ."

"ಸಿ ಶಿಫ್ಟಿಗೆ ಯಾಕೆ ಏಳು?"

ಅಜ್ಜಿ ಅವರೆಕಾಯಿ ಕೆಳಗಿಟ್ಟು, ಹೆಬ್ಬೆರಳನ್ನು ಬೆರಳ ಗೆಣ್ಣಿನ ಮೇಲೆ ಇಡುತ್ತಾ ಹಿಂದಕ್ಕೆ ಎಣಿಸಿದಳು. "ಶಿಫ್ಟು ರಾತ್ರಿ ಹತ್ತಕ್ಕೆ. ಒಂಬತ್ತೂಕಾಲಿಗೆ ಸೈಕಲ್ ಹತ್ಬೇಕು. ಅದಕ್ಕೆ ಮುಂಚೆ ಒಂದೂವರೆ ಗಂಟೆ ಅಡ್ಡಾಗ್ಬೇಕು. ಅದಕ್ಕೆ ಮುಂಚೆ ಊಟ. ಹಂಗೆ ಹಿಂದೆ ಹಿಂದೆ ಬಂದ್ರೆ ಏಳು."

ಒಳಗಿನಿಂದ ಅಜ್ಜನ ದನಿ ಬಂತು. "ಹೊಟ್ಟೆ ತುಂಬ ಉಂಡು ನೆಟ್ಟಗೆ ಹೋಗಿ ಕುಲುಮೆ ಮುಂದೆ ನಿಲ್ಲಕ್ಕಾಗುತ್ತೇನವ್ವ? ತಲೆ ತಿರುಗುತ್ತೆ."

ಆದರೆ ಅಕ್ಷರಾ ಅಷ್ಟು ಹೊತ್ತಿಗೆ ಬರೆಯಲು ಶುರುಮಾಡಿಬಿಟ್ಟಿದ್ದಳು. ಅವಳ ಲೆಕ್ಕ ಹೀಗಿತ್ತು: ಗುಡ್ಡದ ಮೇಲೆ ರಾತ್ರಿ ಇರಬೇಕು. ರಾತ್ರಿ ಅಂದರೆ ಸಿ ಶಿಫ್ಟು. ಸಿ ಶಿಫ್ಟು ಅಂದರೆ ಏಳು ಗಂಟೆ. ಮುಗಿಯಿತಲ್ಲ! ಉಳಿದದ್ದನ್ನೆಲ್ಲ ಗೀಚಿ ಹೊಡೆದುಹಾಕಿ, 'ಊಟ: 7 ಗಂಟೆ' ಅಂತ ದಪ್ಪಗೆ ಬರೆದು ಸುತ್ತ ಚೌಕ ಎಳೆದಳು. ವಾರವೆಲ್ಲ ಅವಳಿಗೆ ಚೆನ್ನಾಗಿ ನಿದ್ದೆ ಬಂತು.

ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ, ಅಲ್ಲಿಂದ ಒಂದು ಟೆಂಪೋ ಹಿಡಿದು ಹೊರಟರು. ದಾರಿಯೆಲ್ಲ ತಿರುವು. ಪುನೀತ್ ಹಾಡು ಹೇಳಿದ, ರಕ್ಷಾ ಚಪ್ಪಾಳೆ ತಟ್ಟಿದಳು. ಜ್ಞಾನೇಶ್ ಮಾತ್ರ ಕಿಟಕಿಗೆ ಹಣೆ ಆನಿಸಿ ಕೂತಿದ್ದ. ಅವನು ಸುಮ್ಮನೆ ಇದ್ದದ್ದಕ್ಕೆ ಅಕ್ಷರಾಳಿಗೆ ಖುಷಿಯೇ ಆಯಿತು.

ಗುಡ್ಡದ ಬುಡದಲ್ಲಿ ಮೂರ್ತಪ್ಪ ಕಾಯುತ್ತಿದ್ದ. ಅರಣ್ಯ ಇಲಾಖೆಯ ವಾಚರ್. ಖಾಕಿ ಶರ್ಟು, ಕೈಯಲ್ಲೊಂದು ಕೋಲು, ಬಾಯಲ್ಲಿ ಎಲೆ ಅಡಿಕೆ. ಮರದ ನೆರಳಲ್ಲಿ ಕೂತು ಬುತ್ತಿಯ ಚಿತ್ರಾನ್ನ ತಿಂದು ಮುಗಿಸುವಷ್ಟರಲ್ಲಿ ಒಂದೂವರೆ. ಅಕ್ಷರಾಳ ಪ್ಲಾನಿನ ಪ್ರಕಾರ ಮೂರಕ್ಕೆ ಹಳ್ಳ ದಾಟಬೇಕು. ನಾಲ್ಕಕ್ಕೆ ಮೇಲೆ, ರಾತ್ರಿ ಮಲಗುವ ಕಾವಲು ಮನೆ. ಆರಕ್ಕೆ ಒಲೆ. ಏಳಕ್ಕೆ ಊಟ.

ಅರ್ಧ ದಾರಿಯಲ್ಲಿ ರಕ್ಷಾಳ ಶೂವಿನ ಅಟ್ಟೆ ಬಾಯಿ ಬಿಟ್ಟಿತು. ಅದಕ್ಕೆ ದಾರ ಕಟ್ಟಿದರು. ದಾರ ಹರಿಯಿತು. ಮತ್ತೆ ಕಟ್ಟಿದರು. ಪುನೀತನ ಬೆನ್ನ ಮೇಲಿನ ಪಾತ್ರೆಗಳು ಹೆಜ್ಜೆಗೊಂದು ಸಲ ಠಣ್ ಅನ್ನುತ್ತಿದ್ದವು. ಅವನು ನೂರು ಹೆಜ್ಜೆಗೊಂದು ಸಲ ಕೂರುತ್ತಿದ್ದ. ಅಂತೂ ಇಂತೂ ಹಳ್ಳ ಮುಟ್ಟಿದಾಗ ನಾಲ್ಕು ಇಪ್ಪತ್ತು.

"ನೀರು ಬೇಕಾದಷ್ಟು ಕುಡ್ಕೊಳ್ಳಿ," ಅಂದ ಮೂರ್ತಪ್ಪ. "ಮೇಲೆ ನೀರಿಲ್ಲ."

"ಇಲ್ವಾ?" ರಕ್ಷಾ ಕೂಗಿಯೇಬಿಟ್ಟಳು. ನೀರು ಅವಳ ಕೆಲಸ. "ಟ್ಯಾಂಕ್ ಇದೆ ಅಂದಿದ್ರಲ್ಲ ಮಾಮ!"

"ಟ್ಯಾಂಕ್ ಇದೆ ಪುಟ್ಟಿ. ಪೈಪನ್ನ ಮಂಗ ಎಳೆದು ಹಾಕಿದಾವೆ, ನಿನ್ನೆನೇ. ಕುಡಿಯಕ್ಕೆ ಎರಡು ಕ್ಯಾನ್ ಇಟ್ಟಿದೀನಿ. ಅಡುಗೆ ಗಿಡುಗೆ, ಪಾತ್ರೆ ತೊಳೆಯೋದು, ಅದೆಲ್ಲ ಆಗಲ್ಲ."

"ಇಲ್ಲಿಂದ ಹೊತ್ಕೊಂಡು ಹೋಗೋಣ," ಅಂದ ಪುನೀತ್. ಅಂದವನು ತನ್ನ ಬೆನ್ನನ್ನು ನೆನೆದು ಮುಖ ಹಿಂಡಿದ.

"ಹೊತ್ತರೂನೂವೆ," ಮೂರ್ತಪ್ಪ ಎಲೆ ಅಡಿಕೆ ಆಚೆ ಉಗಿದು ಬಂದು ಹೇಳಿದ, "ಮಲಗೋ ಕಡೆ ಹುಗ್ಗಿ ಗಿಗ್ಗಿ ಬೇಯಿಸಿದ್ರೆ ವಾಸನೆಗೆ ಹಂದಿ ಬರ್ತವೆ. ಹೋದ ಸಲ ಯಾರೋ ಅನ್ನ ಚೆಲ್ಲಿ, ಕರಡಿ ಬಂದು ಬಾಗಿಲು ಕೆರ್‍ಕೊಂಡು ಹೋಯ್ತು."

ರಕ್ಷಾ ದಿವ್ಯಶ್ರೀಯ ಕೈ ಹಿಡಿದುಕೊಂಡಳು. ಎಲ್ಲರೂ ಅಕ್ಷರಾಳನ್ನು ನೋಡಿದರು. ಅಕ್ಷರಾ ಸರಸ್ವತಿ ಮಿಸ್‌ರನ್ನು ನೋಡಿದಳು. ಮಿಸ್ ಬಂಡೆಯ ಮೇಲೆ ಕೂತು ಶೂವಿನೊಳಗಿನ ಕಲ್ಲು ಉದುರಿಸುತ್ತಿದ್ದರು. ಬೇಕೆಂದೇ ತಲೆ ಎತ್ತಲಿಲ್ಲ.

ಅಕ್ಷರಾ ನೋಟ್‌ಬುಕ್ ತೆಗೆದಳು. 'ಊಟ: 7 ಗಂಟೆ.' ಚೌಕದೊಳಗೆ ಅದು ಎಷ್ಟು ಚಂದ ಕೂತಿತ್ತು! ಏಳು ಗಂಟೆಗೆ ಎಲ್ಲಿ? ಇಲ್ಲಿ ಉಂಡು ಆಮೇಲೆ ಹತ್ತಿದರೆ ಕತ್ತಲು. ಮೇಲೆ ಉಣ್ಣೋಣ ಅಂದರೆ ನೀರಿಲ್ಲ, ಕರಡಿ ಬೇರೆ. ಹಳ್ಳದ ಇಬ್ಬದಿಯ ಗುಡ್ಡಗಳ ನೆರಳು ಆಗಲೇ ನೀರಿನ ಮೇಲೆ ಬಿದ್ದಿತ್ತು. ಗಡಿಯಾರದಲ್ಲಿ ಇನ್ನೂ ಸಂಜೆ, ಹಳ್ಳದಲ್ಲಿ ಆಗಲೇ ಮುಸ್ಸಂಜೆ. ಯಾವುದನ್ನು ನಂಬುವುದು?

"ಏನೇ, ಏನಾದ್ರೂ ಹೇಳೇ," ದಿವ್ಯಶ್ರೀ ಪಿಸುಗುಟ್ಟಿದಳು.

"ತಡಿ."

ಅಕ್ಷರಾಳ ಹೆಬ್ಬೆರಳು ತಾನಾಗಿಯೇ ಕಿರುಬೆರಳಿನ ಗೆಣ್ಣಿನ ಮೇಲೆ ಕೂತಿತು. ಅಜ್ಜಿ ಏಳರಿಂದ ಶುರುಮಾಡಿರಲಿಲ್ಲ. ಅಜ್ಜಿ ಶುರುಮಾಡಿದ್ದು ಶಿಫ್ಟಿನ ಹತ್ತು ಗಂಟೆಯಿಂದ.

"ಮೂರ್ತಪ್ಪ ಮಾಮ, ಪೂರ್ತಿ ಕತ್ತಲಾಗೋದು ಎಷ್ಟೊತ್ತಿಗೆ?"

"ಆರೂಕಾಲಿಗೆ ಈ ಹಳ್ಳದಲ್ಲಿ ನಿನ್ನ ಕೈ ನಿಂಗೆ ಕಾಣಲ್ಲ."

"ಇಲ್ಲಿಂದ ಕಾವಲು ಮನೆಗೆ?"

"ನಿಮ್ಮ ಕಾಲಲ್ಲಾ? ಮುಕ್ಕಾಲು ಗಂಟೆ."

ಆರೂಕಾಲು. ಅದಕ್ಕೆ ಮುಂಚೆ ಮುಕ್ಕಾಲು ಗಂಟೆ ನಡಿಗೆ. ಅದಕ್ಕೆ ಮುಂಚೆ ಪಾತ್ರೆ ತೊಳೆಯಲು ಕಾಲು ಗಂಟೆ. ಅದಕ್ಕೆ ಮುಂಚೆ ಉಣ್ಣಲು ಇಪ್ಪತ್ತು ನಿಮಿಷ. ಅದಕ್ಕೆ ಮುಂಚೆ ಹುಗ್ಗಿ ಬೇಯಲು ನಲವತ್ತು. ಬೆರಳು ಹಿಂದೆ ಹಿಂದೆ ಬಂದು ನಾಲ್ಕೂಕಾಲಿನ ಮೇಲೆ ನಿಂತಿತು. ಗಡಿಯಾರ ನೋಡಿದಳು. ನಾಲ್ಕು ಇಪ್ಪತ್ತಾರು. ಹನ್ನೊಂದು ನಿಮಿಷ ಆಗಲೇ ಕೈಬಿಟ್ಟು ಹೋಗಿತ್ತು!

"ಒಲೆ ಹಚ್ಚಿ," ಅಂದಳು ಅಕ್ಷರಾ. "ಇಲ್ಲೇ. ಈಗಲೇ."

"ಈಗಾ?" ಜ್ಞಾನೇಶ್ ಎದ್ದು ನಿಂತ. "ನಾಲ್ಕೂವರೆಗೆ ರಾತ್ರಿ ಊಟಾನಾ? ಇದು ಟೀ ಬಿಸ್ಕೆಟ್ ಟೈಮ್ ಮಾರಾಯ್ತಿ! ಹೋದ ವಾರ ಲೇಟು, ಈ ವಾರ ಅರ್ಲಿ. ಏನು ಟೈಮ್ ಮೇಡಂ ನೀವು!"

"ಏಳು ಅಂತ ಬರ್ದಿದ್ದೆ ಅಲ್ವಾ ನೀನು?" ಅಂದ ಪುನೀತ್ ಕೂಡ. "ನಾವೆಲ್ಲ ಅದನ್ನೇ ಬರ್ಕೊಂಡಿದೀವಿ."

"ಬರ್ದಿದ್ದೆ. ತಪ್ಪು ಬರ್ದಿದ್ದೆ. ಈಗ ಹಚ್ಚು ಪುನೀತ, ಪ್ಲೀಸ್. ಮಾತಾಡಿದಷ್ಟೂ ಕತ್ತಲಾಗುತ್ತೆ."

ಪುನೀತ್ ಒಲೆ ಇಳಿಸಿದ. ರಕ್ಷಾ ನೀರು ತಂದಳು. ದಿವ್ಯಶ್ರೀ ಅಕ್ಕಿ ಬೇಳೆ ತೊಳೆದು ಹಾಕಿ, ಉಪ್ಪಿನ ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ನೋಡ್ಕೊಳ್ಳಿ, ಒಂದೇ ಸಲ!" ಅಂತ ಘೋಷಿಸಿದಳು. ಮಿಸ್ ಗ್ಯಾಸಿನ ಹತ್ತಿರ ಬಂದು ಕೂತರು.

ಹುಗ್ಗಿ ಮೆತ್ತಗೆ ಬೆಂದಿತು. ಮೆಣಸು, ಜೀರಿಗೆ, ತುಪ್ಪದ ಘಮ ಹಳ್ಳದ ತುಂಬ. "ಹಸಿವಿಲ್ಲ ಅಂದ್ಕೊಂಡಿದ್ದೆ," ಅಂದ ಪುನೀತ್ ಎರಡನೇ ಸಲ ಬಡಿಸಿಕೊಳ್ಳುತ್ತಾ. ಅಕ್ಷರಾ ನಿಂತುಕೊಂಡೇ ಉಂಡಳು. ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕಣ್ಣು ನೆರಳಿನ ಮೇಲೆ. "ಇನ್ನು ಹತ್ತು ನಿಮಿಷ! ಇನ್ನು ಐದು!" ಎಲ್ಲರ ತಟ್ಟೆಯತ್ತ ಒಮ್ಮೆ ನೋಡಿದಳು. ಐದೂ ಖಾಲಿ. ಜ್ಞಾನೇಶನದೂ ಖಾಲಿ. ಸರಿ.

ಪಾತ್ರೆ ತೊಳೆದು ಹೊರಟಾಗ ಐದೂ ಮುಕ್ಕಾಲು. ಕಾಲು ಗಂಟೆ ತಡ. ಹಳ್ಳದಲ್ಲಿ ಕಪ್ಪು ಕವಿಯುತ್ತಿತ್ತು. ಅಕ್ಷರಾ ಎಲ್ಲರಿಗಿಂತ ಮುಂದೆ ಬೇಗ ಬೇಗ ಹೆಜ್ಜೆ ಹಾಕಿದಳು. ಮತ್ತೆ ತಪ್ಪಿತೇ? ಆದರೆ ಮರಗಳು ಮುಗಿದು ಹುಲ್ಲಿನ ಬಯಲು ಬಂದಾಗ ಎಲ್ಲರೂ "ಅರೇ!" ಅಂದರು. ಕೆಳಗೆ ಹಳ್ಳದಲ್ಲಿ ರಾತ್ರಿ, ಇಲ್ಲಿ ಇನ್ನೂ ಸಂಜೆ. ಆಕಾಶ ಕಿತ್ತಳೆ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ದೂರದಲ್ಲಿ ಭದ್ರಾವತಿಯ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು.

"ಮೇಲಿಂದ ಬೆಳಕು ಲೇಟಾಗಿ ಹೋಗುತ್ತೆ," ಅಂದ ಮೂರ್ತಪ್ಪ, ತಾನೇ ಅದನ್ನು ಅಲ್ಲಿ ಇಟ್ಟವನ ಹಾಗೆ.

ಕಾವಲು ಮನೆ ಅಂದರೆ ಒಂದೇ ಕೋಣೆ. ಒಂದು ಗೋಡೆಗೆ ಹುಡುಗಿಯರು, ಎದುರು ಗೋಡೆಗೆ ಹುಡುಗರು, ಬಾಗಿಲ ಹತ್ತಿರ ಮಿಸ್. ಕಂಬಳಿ ಹಾಸಿದರು. ನಡೆದ ಕಾಲುಗಳು ಜುಂ ಅನ್ನುತ್ತಿದ್ದವು. ಏಳೂವರೆಗೆಲ್ಲ ಆಕಳಿಕೆ ಶುರು. ಮಿಸ್ ಲಾಂದ್ರದ ಹತ್ತಿರ ನೀಲಿ ಪುಸ್ತಕ ತೆರೆದರು.

"ಹೇಳಿ ಈಗ. ಹಸಿದವರು ಯಾರಾದ್ರೂ ಇದೀರಾ?"

"ಇಲ್ಲ ಮಿಸ್," ಅಂದಳು ರಕ್ಷಾ. "ಇಲ್ಲ," ಅಂದಳು ದಿವ್ಯಶ್ರೀ. "ನನ್ನ ಹೊಟ್ಟೆ ಡಬ್ ಅಂತಿದೆ ಮಿಸ್," ಅಂದ ಪುನೀತ್.

"ಜ್ಞಾನೇಶ್?"

"ಇಲ್ಲ ಮಿಸ್."

"ಅಕ್ಷರಾ?"

"ಇಲ್ಲ ಮಿಸ್!" ಅವಳ ದನಿ ಕುಣಿಯಿತು. ಮಿಸ್ ಪೆನ್ನಿನ ಮುಚ್ಚಳ ತೆಗೆದು, "ತಡೀರಿ, ಮೂರ್ತಪ್ಪನೋರಿಗೆ ನಾಳೆ ಟೆಂಪೋ ಟೈಮ್ ಹೇಳಿ ಬಂದು ಬರೀತೀನಿ," ಅಂತ ಲಾಂದ್ರ ಹಿಡಿದು ಹೊರಗೆ ಹೋದರು.

ಆಗಲೇ ಅದು ಕೇಳಿಸಿದ್ದು. ಗುರ್‌ರ್‌ರ್... ಅಂತ.

"ಕರಡಿ!" ರಕ್ಷಾ ಕಂಬಳಿಯೊಳಗೆ ನುಗ್ಗಿದಳು.

ಕರಡಿಯಲ್ಲ. ಶಬ್ದ ಬಂದದ್ದು ಎದುರು ಗೋಡೆಯಿಂದ. ಜ್ಞಾನೇಶ್ ಎರಡೂ ಕೈಯಲ್ಲಿ ಹೊಟ್ಟೆ ಅದುಮಿಕೊಂಡು ಮುದುರಿದ್ದ. ಅಕ್ಷರಾ ತೆವಳಿಕೊಂಡು ಅವನ ಹತ್ತಿರ ಹೋದಳು.

"ನೀನು ಉಣ್ಲಿಲ್ವಾ?"

"ಉಂಡೆ."

"ಸುಳ್ಳು."

"ಎರಡು ತುತ್ತು ಉಂಡೆ. ಮಿಕ್ಕಿದ್ದು ಪುನೀತಂಗೆ ಹಾಕ್ದೆ."

"ಹೌದು ಕಣೇ, ಅವನೇ ಹಾಕಿದ್ದು," ಪುನೀತ್ ಗಾಬರಿಯಾಗಿ ಎದ್ದು ಕೂತ. "ಹಸಿವಿಲ್ಲ ಅಂದ. ನಾನು ತಿಂದೆ. ನಂಗೇನು ಗೊತ್ತು?"

"ಯಾಕೋ ಉಣ್ಲಿಲ್ಲ?" ಅಕ್ಷರಾಳಿಗೆ ಸಿಟ್ಟು ಬಂತು. "ನನ್ನ ಟೈಮ್ ಅಂತಾನಾ?"

ಜ್ಞಾನೇಶ್ ಗೋಡೆ ಕಡೆ ತಿರುಗಿದ. ಗೋಡೆಗೇ ಹೇಳುವವನ ಹಾಗೆ ಹೇಳಿದ. "ಟೆಂಪೋದಲ್ಲಿ ಹೊಟ್ಟೆ ತೊಳಸ್ತಿತ್ತು. ಬುತ್ತಿ ತಿಂದಿದ್ದೂ ವಾಂತಿ ಆಯ್ತು, ಮರದ ಹಿಂದೆ ಹೋಗಿ ಮಾಡ್ದೆ. ಆಮೇಲೆ ನೀನು ಒಲೆ ಹಚ್ಚಿದ್ಯಲ್ಲ, ಆ ತುಪ್ಪದ ವಾಸನೆಗೇ ಮತ್ತೆ ಬಂದಂಗಾಯ್ತು. ಈಗ ಸರಿ ಹೋಗಿದೆ. ಈಗ ಹಸಿವು."

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ ವಾಂತಿ ಜ್ಞಾನೇಶ ಅಂತ ಹೆಸರಿಡ್ತಿದ್ರಿ."

"ನೀನು ನಂಗೆ ಟೈಮ್ ಮೇಡಂ ಅಂತ ಇಟ್ಟಿಲ್ವಾ?"

ಅವನು ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಂಡ. "ಸುಮ್ನಿರು ಈಗ. ಮಿಸ್ ಬರ್ಕೊಳ್ಲಿ. ದಿವ್ಯಶ್ರೀ ಶೂ ಬೇರೆ ತಗೊಂಡಿದಾಳೆ. ಒಂದು ರಾತ್ರಿ ತಾನೆ, ನಾನು ಮಲಗ್ತೀನಿ ಬಿಡು."

ಅಕ್ಷರಾ ಕತ್ತಲಲ್ಲಿ ಕೂತಳು. ಅವಳಿಗೆ ಒಂದೂ ತಿಳಿಯದಾಯಿತು. ಎಲ್ಲ ಲೆಕ್ಕವೂ ಸರಿ ಇತ್ತಲ್ಲ! ಕತ್ತಲು ಸರಿ, ನೀರು ಸರಿ, ನಡಿಗೆ ಸರಿ. ತಟ್ಟೆಯೂ ಖಾಲಿ ಇತ್ತು. ಹೌದು, ಅವಳು ತಟ್ಟೆ ನೋಡಿದ್ದಳು. ತಟ್ಟೆ ಹಿಡಿದವನನ್ನು ನೋಡಿರಲಿಲ್ಲ. ಈಗ ಸುಮ್ಮನಿದ್ದರೆ ಐದೂ ಜನ ಡಿಸೆಂಬರ್‌ಗೆ ಹೋಗುತ್ತಾರೆ. ಬಾಯಿ ಬಿಟ್ಟರೆ ಐದೂ ಜನ ಮನೆಯಲ್ಲಿ. ಜ್ಞಾನೇಶನೇ ಬಿಡು ಅನ್ನುತ್ತಿದ್ದಾನೆ. ಮತ್ತೆ ಯಾಕೆ ಬಿಡಲು ಆಗುತ್ತಿಲ್ಲ?

ಗುರ್‌ರ್ ಅಂತು ಮತ್ತೊಮ್ಮೆ.

ಬಾಗಿಲು ಕಿರ್ ಅಂತು. ಮಿಸ್ ಒಳಗೆ ಬಂದು, ಚಕ್ಕಳಮಕ್ಕಳ ಕೂತು, ಪೆನ್ನು ಹಾಳೆಗೆ ಮುಟ್ಟಿಸಿದರು.

"ಮಿಸ್, ಒಂದ್ನಿಮಿಷ," ಅಂದಳು ಅಕ್ಷರಾ. "ಬರೀಬೇಡಿ. ಊಟ ಇನ್ನೂ ಮುಗಿದಿಲ್ಲ."

ಪೆನ್ನು ನಿಂತಿತು. "ಹಾಗಂದ್ರೆ?"

"ಜ್ಞಾನೇಶಂಗೆ ಆವಾಗ ಹುಷಾರಿರ್ಲಿಲ್ಲ. ಅವನ ಊಟದ ಟೈಮ್ ಈಗ." ಅವಳು ತಿಂಡಿಯ ಚೀಲದ ಕಡೆ ಕೈ ತೋರಿಸಿದಳು. "ನಾಳೆ ಬೆಳಗಿನ ಅವಲಕ್ಕಿ, ಬೆಲ್ಲ, ಕಾಯಿತುರಿ ಇದೆ. ಬೇಯಿಸೋದೇನೂ ಬೇಡ. ಇಲ್ಲಿ ತಿನ್ನಲ್ಲ. ಆಚೆ, ಆ ದೊಡ್ಡ ಬಂಡೆ ಮೇಲೆ. ಮೂರ್ತಪ್ಪ ಮಾಮ ಜೊತೆಗೆ ಬಂದ್ರೆ."

"ನಾಳೆ ಬೆಳಿಗ್ಗೆ ತಿಂಡಿ ಕಮ್ಮಿ ಬೀಳುತ್ತಲ್ಲ?"

"ಬೀಳುತ್ತೆ ಮಿಸ್." ಅವಳು ಉಳಿದವರತ್ತ ನೋಡಿದಳು. ದಿವ್ಯಶ್ರೀ ಆಗಲೇ ಅವಲಕ್ಕಿ ಗಂಟನ್ನು ಬಿಚ್ಚುತ್ತಿದ್ದಳು.

ಮಿಸ್ ಪುಸ್ತಕ ಮುಚ್ಚಿದರು. "ಯಾರೂ ಇನ್ನೂ ಮಲಗಿಲ್ವಲ್ಲ. ಮುಗಿದ ಮೇಲೆ ಹೇಳು. ಬರೆಯೋದು ಆಮೇಲೆ."

ಬಂಡೆಯ ಮೇಲೆ ಗಾಳಿ ತಣ್ಣಗಿತ್ತು. ಮೂರ್ತಪ್ಪ ಟಾರ್ಚು ಹಿಡಿದು ಸುತ್ತಲೂ ಒಂದು ಸಲ ಬೆಳಕು ಬಿಟ್ಟು, "ಒಂದು ಕಾಳು ಕೆಳಗೆ ಬಿದ್ರೆ ನಾಳೆ ಹಂದಿಗೆ ನೀವೇ ಉತ್ತರ ಹೇಳ್ಬೇಕು, ನಂಗೊತ್ತಿಲ್ಲ," ಅಂದ. ಜ್ಞಾನೇಶ್ ಒಬ್ಬನೇ ಹೋಗಲಿ ಅಂದುಕೊಂಡರೆ, ಕಂಬಳಿ ಹೊದ್ದುಕೊಂಡು ನಾಲ್ವರೂ ಅವನ ಹಿಂದೆಯೇ ಬಂದು ಕೂತಿದ್ದರು. ಹೊಟ್ಟೆ ಡಬ್ ಅನ್ನುತ್ತಿದ್ದ ಪುನೀತನೂ ಒಂದು ಹಿಡಿ ತೆಗೆದುಕೊಂಡ.

"ಮೆಲ್ಲಗೆ ತಿನ್ನೋ, ಮತ್ತೆ ತೊಳಸೀತು," ಅಂದಳು ರಕ್ಷಾ.

ಜ್ಞಾನೇಶ್ ತಲೆ ಆಡಿಸಿದ. ಅವನ ಬಾಯಿ ತುಂಬ ಅವಲಕ್ಕಿ ಇತ್ತು.

ಸ್ವಲ್ಪ ಹೊತ್ತಿಗೆ ಪುನೀತ್ ಎದ್ದ. ರಕ್ಷಾ, ದಿವ್ಯಶ್ರೀ ಚಳಿ ಚಳಿ ಅನ್ನುತ್ತಾ ಒಳಗೆ ಓಡಿದರು. ಬಾಗಿಲಲ್ಲಿ ನಿಂತ ಮಿಸ್, "ಅಕ್ಷರಾ, ಮುಗೀತೇನಮ್ಮ?" ಅಂತ ಕೂಗಿ ಕೇಳಿದರು.

ಅಕ್ಷರಾ ಪಕ್ಕಕ್ಕೆ ತಿರುಗಿ ನೋಡಿದಳು. ಜ್ಞಾನೇಶನ ಎಡಗೆನ್ನೆ ಇನ್ನೂ ಉಬ್ಬಿಕೊಂಡೇ ಇತ್ತು. ಅವನು ಕೈಸನ್ನೆ ಮಾಡಿ, ಇನ್ನೊಂದು ಚೂರು ಬೆಲ್ಲ ಇದೆಯಾ ಅಂತ ಕೇಳುತ್ತಿದ್ದ.

"ಇನ್ನೂ ಇಲ್ಲ ಮಿಸ್," ಅಂದಳು ಅವಳು, ಡಬ್ಬಿಯ ತಳದಲ್ಲಿ ಬೆಲ್ಲ ತಡಕುತ್ತಾ.